ಡೌನ್‌ಲೋಡ್ ಲೆಕ್ಕ ಓದುವುದು ಹೇಗೆ? ಕಾಲಂ ಎಷ್ಟು, ಜನ ಎಷ್ಟು

ಆಪ್ ಮಾಡಿ ಸ್ಟೋರ್‌ಗೆ ಬಿಟ್ಟವರು ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ಒಂದನ್ನೇ: ಡೌನ್‌ಲೋಡ್ ಎಷ್ಟಾಯಿತು? ಆದರೆ ಅಲ್ಲಿ ಒಂದೇ ಸಂಖ್ಯೆ ಇರುವುದಿಲ್ಲ. ಆಂಡ್ರಾಯ್ಡ್, ಐಫೋನ್, ಐಪ್ಯಾಡ್, ಟ್ಯಾಬ್ಲೆಟ್, ಡೆಸ್ಕ್‌ಟಾಪ್ ಅಂತ ಸಾಲು ಸಾಲು ಕಾಲಂ. ಎಲ್ಲವನ್ನೂ ಕೂಡಿಸಿ "ಇಷ್ಟು ಜನ ನಮ್ಮ ಆಪ್ ಹಾಕಿಕೊಂಡಿದ್ದಾರೆ" ಎಂದು ಹೇಳುವವರೇ ಜಾಸ್ತಿ. ಆ ಮೊತ್ತ ಜನರ ಲೆಕ್ಕ ಅಲ್ಲ. ಒಂದೊಂದು ಕಾಲಂ ಒಂದೊಂದು ರೀತಿ ಎಣಿಸುತ್ತದೆ.

ಮೊದಲು ಕಾಲಂನ ಹೆಸರು ಓದಿ

ಹೆಸರುಗಳು ಮೂರು ಬಗೆಯವು. ಆಂಡ್ರಾಯ್ಡ್, ಐಒಎಸ್ ಎನ್ನುವುದು ಫೋನ್ ನಡೆಸುವ ವ್ಯವಸ್ಥೆ. ಪ್ಲೇ ಸ್ಟೋರ್, ಆಪ್ ಸ್ಟೋರ್ ಎನ್ನುವುದು ಅಂಗಡಿ. ಫೋನ್, ಟ್ಯಾಬ್ಲೆಟ್, ಟಿವಿ, ವಾಚ್ ಎನ್ನುವುದು ಸಾಧನ. ಒಂದೇ ಡೌನ್‌ಲೋಡ್ ಈ ಮೂರರಲ್ಲೂ ಕಾಣಿಸಿಕೊಳ್ಳುತ್ತದೆ. ಹಾಗಾಗಿ 'ಆಂಡ್ರಾಯ್ಡ್' ಮತ್ತು 'ಟ್ಯಾಬ್ಲೆಟ್' ಎರಡನ್ನೂ ಕೂಡಿಸಿದರೆ ಒಂದೇ ತಲೆಯನ್ನು ಎರಡು ಸಲ ಎಣಿಸಿದಂತೆ.

ಇನ್ನೊಂದು ವಿಷಯ. ವರದಿಗಳಲ್ಲಿ 'ಆಂಡ್ರಾಯ್ಡ್' ಎಂದು ಬರೆದಿದ್ದರೂ ಅದು ಸಾಮಾನ್ಯವಾಗಿ ಪ್ಲೇ ಸ್ಟೋರ್ ಲೆಕ್ಕ ಮಾತ್ರ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಸ್ಟೋರ್, 2024ರಲ್ಲಿ ಶುರುವಾದ ಫೋನ್‌ಪೇಯವರ ಇಂಡಸ್ ಆಪ್‌ಸ್ಟೋರ್, ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವ ಎಪಿಕೆ ಫೈಲ್ (ಅಂಗಡಿಯಿಲ್ಲದೆ ನೇರವಾಗಿ ಆಪ್ ಹಾಕಿಕೊಳ್ಳುವ ಫೈಲ್) ಇವೆಲ್ಲ ಆ ಕಾಲಂಗೆ ಬರುವುದಿಲ್ಲ. ಹಳೆಯ ವರದಿ ನೋಡುವಾಗಲೂ ಎಚ್ಚರ ಇರಲಿ. ಐಪ್ಯಾಡ್‌ಒಎಸ್ ಎಂಬ ಬೇರೆ ಹೆಸರು ಬಂದದ್ದೇ 2019ರಲ್ಲಿ. ಅದಕ್ಕೂ ಮೊದಲು ಐಪ್ಯಾಡ್ ಕೂಡ ಐಒಎಸ್ ಒಳಗೇ ಇತ್ತು.

ಆಮೇಲೆ, 'ಡೌನ್‌ಲೋಡ್' ಎಂದರೆ ಏನು ಎಂದು ಕೇಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಇದನ್ನು ನಿಧಾನವಾಗಿ ನೋಡೋಣ.

ಆಪ್ ಮಾಡಿದವರು ತಮ್ಮ ಲೆಕ್ಕ ನೋಡುವ ಗೂಗಲ್‌ನ ಪ್ಲೇ ಕನ್ಸೋಲ್‌ನಲ್ಲಿ ಬಳಕೆದಾರರ ಲೆಕ್ಕ ಬೇರೆ, ಸಾಧನಗಳ ಲೆಕ್ಕ ಬೇರೆ. ಎರಡರಲ್ಲೂ ಹೊಸಬರು, ಮರಳಿ ಬಂದವರು ಎಂದು ಬೇರೆ ಮಾಡಿ ನೋಡಬಹುದು. ಅದೇ ಕೆಲಸಕ್ಕಿರುವ ಆಪಲ್‌ನ ಆಪ್ ಸ್ಟೋರ್ ಕನೆಕ್ಟ್‌ನಲ್ಲಿ 'ಫಸ್ಟ್ ಟೈಮ್ ಡೌನ್‌ಲೋಡ್ಸ್' (ಮೊದಲ ಸಲ ಹಾಕಿಕೊಂಡದ್ದು), 'ರೀಡೌನ್‌ಲೋಡ್ಸ್' (ಮತ್ತೆ ಹಾಕಿಕೊಂಡದ್ದು), ಎರಡೂ ಸೇರಿದ 'ಟೋಟಲ್ ಡೌನ್‌ಲೋಡ್ಸ್' ಇರುತ್ತವೆ. ಅಪ್‌ಡೇಟ್‌ಗಳ ಲೆಕ್ಕ ಇವುಗಳಿಂದ ಬೇರೆ.

ಒಂದು ಮನೆಯ ಉದಾಹರಣೆ ಇಟ್ಟುಕೊಳ್ಳೋಣ. ಗಂಡನ ಹತ್ತಿರ ಆಂಡ್ರಾಯ್ಡ್ ಫೋನ್ ಮತ್ತು ಟ್ಯಾಬ್ಲೆಟ್, ಎರಡಕ್ಕೂ ಒಂದೇ ಗೂಗಲ್ ಖಾತೆ. ಹೆಂಡತಿಯ ಹತ್ತಿರ ಐಫೋನ್. ಎಲ್ಲದರಲ್ಲೂ ನಿಮ್ಮ ಆಪ್ ಇದೆ. ದೀಪಾವಳಿಗೆ ಇಬ್ಬರೂ ಹೊಸ ಫೋನ್ ಕೊಂಡು ಆಪನ್ನು ಮತ್ತೆ ಹಾಕಿಕೊಂಡರು. ಪ್ಲೇ ಕನ್ಸೋಲ್‌ನ ಸಾಧನಗಳ ಲೆಕ್ಕದಲ್ಲಿ ಇದು 3, ಹೊಸ ಬಳಕೆದಾರರ ಲೆಕ್ಕದಲ್ಲಿ 1. ಆಪಲ್‌ನಲ್ಲಿ ಮೊದಲ ಡೌನ್‌ಲೋಡ್ 1, ರೀಡೌನ್‌ಲೋಡ್ 1, ಒಟ್ಟು 2. ಕಣ್ಣಿಗೆ ಬಿದ್ದ ದೊಡ್ಡ ಸಂಖ್ಯೆಗಳನ್ನು ಕೂಡಿಸಿದರೆ 5. ಮನೆಯಲ್ಲಿರುವುದು ಇಬ್ಬರೇ ಅಲ್ವಾ!

ಎಷ್ಟು ಜನ ಎಂದು ತಿಳಿಯಬೇಕಾದರೆ ಪ್ಲೇಯ ಹೊಸ ಬಳಕೆದಾರರನ್ನು ಆಪಲ್‌ನ ಮೊದಲ ಡೌನ್‌ಲೋಡ್ ಜೊತೆ ಇಡಿ. ಇದೂ ನೂರಕ್ಕೆ ನೂರು ಸರಿ ಅಲ್ಲ, ಒಬ್ಬರಿಗೇ ಎರಡು ಖಾತೆ ಇರಬಹುದು. ಆದರೂ ಜನರ ಲೆಕ್ಕಕ್ಕೆ ಹತ್ತಿರ ಬರುವ ಜೋಡಿ ಇದೇ.

ಐಪ್ಯಾಡ್ ಕಾಲಂ ಬಗ್ಗೆ ಒಂದು ಮಾತು ಹೇಳಲೇಬೇಕು. ಆಪಲ್‌ನಲ್ಲಿ ಮೊದಲ ಡೌನ್‌ಲೋಡ್ ಅಂಟಿಕೊಳ್ಳುವುದು ಖಾತೆಗೆ, ಸಾಧನಕ್ಕಲ್ಲ. ಒಬ್ಬರು ಐಫೋನ್‌ನಲ್ಲಿ ಮೊದಲು ಹಾಕಿ, ಆಮೇಲೆ ಅದೇ ಖಾತೆಯ ಐಪ್ಯಾಡ್‌ನಲ್ಲಿ ಹಾಕಿದರೆ ಆ ಎರಡನೆಯದು ರೀಡೌನ್‌ಲೋಡ್. ಮೊದಲ ಡೌನ್‌ಲೋಡ್ ಮಾತ್ರ ನೋಡುತ್ತಾ ಕುಳಿತರೆ ಐಪ್ಯಾಡ್‌ನವರು ತೀರಾ ಕಡಿಮೆ ಎನಿಸುತ್ತದೆ. "ಐಪ್ಯಾಡ್ ಯಾರಿಗೂ ಬೇಡ, ದೊಡ್ಡ ಪರದೆಗೆ ವಿನ್ಯಾಸ ಮಾಡುವುದು ಸುಮ್ನೆ ಖರ್ಚು" ಎಂದು ಕೈಬಿಡುವ ಮೊದಲು ದಯವಿಟ್ಟು ರೀಡೌನ್‌ಲೋಡ್ ಕಾಲಂ ತೆರೆದು ನೋಡಿ.

ಶೇಕಡಾವಾರು ಕಂಡರೆ ತಲೆ ಎಣಿಸಿ

2020ರ ಏಪ್ರಿಲ್ 2ರಂದು ಆರೋಗ್ಯ ಸೇತು ಆಪ್ ಬಂತು. ಮೊದಲು ಆಂಡ್ರಾಯ್ಡ್ ಮತ್ತು ಐಒಎಸ್‌ಗೆ, ಮೇ ತಿಂಗಳಲ್ಲಿ ಜಿಯೋಫೋನ್‌ನ ಕಾಯ್‌ಒಎಸ್‌ಗೆ. ಮೇ 26ರಂದು ಕೇಂದ್ರ ಸರ್ಕಾರ ಅದರ ಆಂಡ್ರಾಯ್ಡ್ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಆಗ ಬಳಕೆದಾರರು 11 ಕೋಟಿಗೂ ಹೆಚ್ಚು, ಅವರಲ್ಲಿ ಸುಮಾರು ಶೇ 98 ಮಂದಿ ಆಂಡ್ರಾಯ್ಡ್‌ನವರು ಎಂದು ಹೇಳಿತು. ಕೋಡ್ ತೆರೆಯಲು ಆಂಡ್ರಾಯ್ಡನ್ನೇ ಮೊದಲು ಆರಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಉಳಿದ ಶೇ 2 ಎಂದರೆ ಎಷ್ಟು? 20 ಲಕ್ಷಕ್ಕೂ ಹೆಚ್ಚು ಜನ. ಗೆರೆಚಿತ್ರದಲ್ಲಿ ಕೂದಲೆಳೆಯಷ್ಟು ತೆಳುವಾಗಿ ಕಾಣುವ ಪಟ್ಟಿಯಲ್ಲಿ ಒಂದು ದೊಡ್ಡ ನಗರವೇ ಇರಬಹುದು. ನಿಮ್ಮ ಆಪ್‌ಗೆ ಒಟ್ಟು 500 ಡೌನ್‌ಲೋಡ್ ಇದ್ದರೆ ಅದೇ ಶೇ 2 ಎಂದರೆ 10 ಜನ. ಮೊತ್ತ ಗೊತ್ತಿಲ್ಲದೆ ಶೇಕಡಾ ಓದಬೇಡಿ.

ದಿನ ಶುರುವಾಗುವುದು ಎಷ್ಟು ಹೊತ್ತಿಗೆ?

ಭಾನುವಾರ ಬೆಳಿಗ್ಗೆ 10ಕ್ಕೆ ಕಾರ್ಯಕ್ರಮ ಮಾಡಿ ಆಪ್ ಬಿಡುಗಡೆ ಮಾಡಿದಿರಿ ಎನ್ನಿ. ಪ್ಲೇ ಕನ್ಸೋಲ್‌ನ ಅಂಕಿಅಂಶ ಅಮೆರಿಕದ ಪೆಸಿಫಿಕ್ ಸಮಯ ಹಿಡಿದು ನಡೆಯುತ್ತದೆ. ಅಲ್ಲಿ ಆಗ ಇನ್ನೂ ಶನಿವಾರ ರಾತ್ರಿ. ನಮ್ಮಲ್ಲಿ ಮಧ್ಯಾಹ್ನ 12.30 ಆದಾಗ ಅಲ್ಲಿ ದಿನ ಬದಲಾಗುತ್ತದೆ, ಅವರ ಚಳಿಗಾಲದಲ್ಲಿ 1.30ಕ್ಕೆ. ಆಪಲ್‌ನ ಅಂಕಿಅಂಶ ವಿಭಾಗವಾದ ಆಪ್ ಅನಲಿಟಿಕ್ಸ್ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯ ಹಿಡಿಯುತ್ತದೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ ಹೊಸ ದಿನ. ಒಂದೇ ಗಂಟೆಯ ಡೌನ್‌ಲೋಡ್ ಒಂದು ಕಡೆ ಶನಿವಾರಕ್ಕೆ, ಇನ್ನೊಂದು ಕಡೆ ಭಾನುವಾರಕ್ಕೆ ಬೀಳುತ್ತದೆ. ದಿನದ ಲೆಕ್ಕ ಹೋಲಿಸಬೇಡಿ, ವಾರದ್ದು ಹೋಲಿಸಿ.

ಹೊರಗಿನವರಿಗೆ ಕಾಣುವ ಸಂಖ್ಯೆ

ಪ್ಲೇ ಸ್ಟೋರ್ ಪುಟದ '1 ಲಕ್ಷ+' ಒಂದು ಮೆಟ್ಟಿಲು ಅಷ್ಟೆ. ಮುಂದಿನ ಮೆಟ್ಟಿಲು 5 ಲಕ್ಷ. ಆಪ್ 1.1 ಲಕ್ಷದಲ್ಲಿರಲಿ, 4.9 ಲಕ್ಷದಲ್ಲಿರಲಿ, ಅಲ್ಲಿ ಕಾಣುವುದು ಅದೇ '1 ಲಕ್ಷ+'. ಅದು ಶುರುವಿನಿಂದ ಕೂಡುತ್ತಾ ಬಂದ ಲೆಕ್ಕ, ತೆಗೆದುಹಾಕಿದವರು ಅದರಿಂದ ಕಳೆಯುವುದಿಲ್ಲ. ಆಪಲ್ ತನ್ನ ಸ್ಟೋರ್ ಪುಟದಲ್ಲಿ ಡೌನ್‌ಲೋಡ್ ಸಂಖ್ಯೆ ತೋರಿಸುವುದೇ ಇಲ್ಲ.

ಈಗ ಎಷ್ಟು ಜನ ಬಳಸುತ್ತಿದ್ದಾರೆ ಎಂಬುದು ಇನ್ನೂ ಬೇರೆ ಪ್ರಶ್ನೆ. ಆಪಲ್‌ನ 'ಆ್ಯಕ್ಟಿವ್ ಡಿವೈಸಸ್' ಕಾಲಂನಲ್ಲಿ ಮಾಹಿತಿ ಹಂಚಲು ಒಪ್ಪಿದವರ ಸಾಧನಗಳು ಮಾತ್ರ ಇರುತ್ತವೆ. ಡೌನ್‌ಲೋಡ್ ಲೆಕ್ಕಕ್ಕೆ ಆ ಒಪ್ಪಿಗೆ ಬೇಕಿಲ್ಲ. ಈ ಎರಡನ್ನೂ ಭಾಗಿಸಿ "ಇಷ್ಟು ಶೇಕಡಾ ಜನ ಬಿಟ್ಟುಹೋದರು" ಎಂದು ಗಾಬರಿಯಾಗಬೇಡಿ.

ಮುಂದಿನ ಸಲ ವರದಿ ಬರೆಯುವಾಗ ಪ್ರತಿ ಸಂಖ್ಯೆಯ ಪಕ್ಕದಲ್ಲಿ ನಾಲ್ಕು ವಿಷಯ ಬರೆಯಿರಿ: ಯಾವ ಅಂಗಡಿ, ಜನವೋ ಸಾಧನವೋ, ಮೊದಲ ಸಲವೋ ಒಟ್ಟೋ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ. ನಾಲ್ಕರಲ್ಲಿ ಒಂದು ಬರೆಯಲು ಆಗದಿದ್ದರೂ ಆ ಸಂಖ್ಯೆಯನ್ನು ಬೇರೆ ಕಾಲಂ ಜೊತೆ ಕೂಡಿಸಬೇಡಿ.