ಪಾಯಕ್ಕೆ ಮೊದಲು ಮಣ್ಣು ಪರೀಕ್ಷೆ: ಹೊಡೆತ ಎಣಿಸುವಾಗ ಸೈಟಿನಲ್ಲಿರಿ

ಪಕ್ಕದ ಮನೆಯವರು ಐದಡಿ ಅಗೆದರು, ನಾವೂ ಐದಡಿ ಅಗೆದರಾಯಿತು ಎನ್ನುವ ಲೆಕ್ಕ ನಮ್ಮ ಬಡಾವಣೆಗಳಲ್ಲಿ ಇನ್ನೂ ನಡೆಯುತ್ತದೆ. ಕೆರೆಯಂಗಳ ಮುಚ್ಚಿ ಮಾಡಿದ ಲೇಔಟಿನಲ್ಲಂತೂ ಈ ಲೆಕ್ಕ ಕೈಕೊಡುತ್ತದೆ. ಒಂದು ಸೈಟಿನಡಿ ಗಟ್ಟಿ ಕೆಂಪು ಮಣ್ಣಿದ್ದರೆ, ಮಗ್ಗುಲ ಸೈಟಿನಡಿ ಒಡೆದ ಇಟ್ಟಿಗೆ, ಪ್ಲಾಸ್ಟಿಕ್ಕು, ಅದರ ಕೆಳಗೆ ಹೂಳು ಇರಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ಕಂಬಿ ಲೆಕ್ಕ ಹಾಕುವ ಮುಂಚೆಯೇ ಪರೀಕ್ಷೆ ಮುಗಿದಿರಬೇಕು. ಪಾಯ ತೋಡಿದ ಮೇಲೆ ಒಂದು ಕವರ್ ಮಣ್ಣು ಲ್ಯಾಬಿಗೆ ಕಳಿಸುವುದು ಪರೀಕ್ಷೆಯಲ್ಲ, ಶಾಸ್ತ್ರ.

ಯಾರಿಗೆ ವಹಿಸುವುದು?

ವೈದ್ಯರಿಗೆ, ವಕೀಲರಿಗೆ ಇರುವಂಥ ಪ್ರತ್ಯೇಕ ಲೈಸೆನ್ಸ್ ವ್ಯವಸ್ಥೆ ಮಣ್ಣಿನ ಎಂಜಿನಿಯರುಗಳಿಗೆ ದೇಶದಲ್ಲಿಲ್ಲ. ಇರುವುದು ಅವರ ವೃತ್ತಿ ಸಂಘ: 1948ರಲ್ಲಿ ಹುಟ್ಟಿದ ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿ (ಐಜಿಎಸ್). ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಅದರ ಶಾಖೆಗಳಿವೆ. ಉಪನ್ಯಾಸ, ವಾರ್ಷಿಕ ಸಮ್ಮೇಳನ, ಪತ್ರಿಕೆ ಅದರ ಕೆಲಸ. ಮಣ್ಣು, ಪಾಯಗಳ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) ಮಾನಕಗಳನ್ನು ರೂಪಿಸುವ ಸಮಿತಿಯಲ್ಲೂ ಅದಕ್ಕೆ ಜಾಗವಿದೆ. ಲೆಟರ್‌ಹೆಡ್ಡಿನಲ್ಲಿ ಐಜಿಎಸ್ ಸದಸ್ಯತ್ವ ಕಂಡರೆ ಆ ಎಂಜಿನಿಯರ್ ಈ ವಿದ್ಯೆಯ ಸಂಪರ್ಕದಲ್ಲಿದ್ದಾರೆ ಎಂದು ತಿಳಿಯಿರಿ, ಅಷ್ಟೇ. ಅದು ಲ್ಯಾಬಿಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಲ್ಯಾಬಿನ ಮಟ್ಟಿಗೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಕೇಳಿ, ಅದರ ಪಟ್ಟಿಯಲ್ಲಿ ಮಣ್ಣಿನ ಪರೀಕ್ಷೆಗಳಿವೆಯೇ ನೋಡಿ. ಮಾನ್ಯತೆ ಕಾಂಕ್ರೀಟಿಗಷ್ಟೇ ಇರಬಹುದು. ಕೆಲಸ ಒಪ್ಪಿಸುವ ಪತ್ರದಲ್ಲಿ ಐಎಸ್ 1892 (ಸೈಟಿನ ಮಣ್ಣು ಶೋಧನೆ), 2131 (ಹೊಡೆತ ಎಣಿಸುವ ಪರೀಕ್ಷೆ), 2720 (ಲ್ಯಾಬಿನ ಮಣ್ಣು ಪರೀಕ್ಷೆಗಳು) ಎಂದು ಬರೆಸಿ. ಆಮೇಲೆ ತಕರಾರು ಬಂದರೆ ಹಿಡಿಯಲು ಆ ಮೂರು ಸಂಖ್ಯೆ ಸಾಕು.

ಎಷ್ಟು ಬೋರ್, ಎಷ್ಟು ಆಳ?

30–40ರ ಸೈಟಿಗೆ ನಡುವೆ ಒಂದು ಬೋರ್ (ಮಣ್ಣು ನೋಡಲು ಕೊರೆಯುವ ರಂಧ್ರ) ನಡೆಯುತ್ತದೆ. ತುಂಬಿದ ಮಣ್ಣಿನ ಗುಮಾನಿ ಇದ್ದರೆ ಎದುರುಬದುರು ಮೂಲೆಗಳಲ್ಲಿ ಎರಡು ಹಾಕಿಸಿ. ಆಳ ಪಾಯದ ತಳದಿಂದ ಕೆಳಗೆ ಫುಟಿಂಗ್ (ಕಂಬದಡಿಯ ಅಗಲವಾದ ಕಾಂಕ್ರೀಟ್ ತಳ) ಅಗಲದ ಒಂದೂವರೆ ಪಟ್ಟಾದರೂ ಇರಲಿ. ತಳ 1.5 ಮೀಟರಿನಲ್ಲಿದ್ದು ಫುಟಿಂಗ್ 2 ಮೀಟರ್ ಅಗಲವಿದ್ದರೆ 4.5 ಮೀಟರ್ ಆಯಿತು. ಫುಟಿಂಗುಗಳು ಒತ್ತೊತ್ತಾಗಿದ್ದರೆ ಇನ್ನೂ ಆಳ ಬೇಕು. ಕರಾವಳಿಯಲ್ಲಿ ಮುರಕಲ್ಲು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಅದರಡಿಯ ಶೇಡಿ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಸತ್ವ ಕಳೆದುಕೊಳ್ಳುತ್ತದೆ.

ಹೊಡೆತದ ಲೆಕ್ಕ

ಇಡೀ ರಿಪೋರ್ಟ್ ನಿಂತಿರುವುದು ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್) ಮೇಲೆ. 63.5 ಕಿಲೋ ಸುತ್ತಿಗೆ 75 ಸೆಂ.ಮೀ. ಮೇಲಿನಿಂದ ಬಿದ್ದು, ಕೊಳವೆಯಂಥ ಸ್ಯಾಂಪ್ಲರನ್ನು ಮಣ್ಣಿಗೆ 45 ಸೆಂ.ಮೀ. ಇಳಿಸಬೇಕು. ಪ್ರತಿ 15 ಸೆಂ.ಮೀ.ಗೆ ಎಷ್ಟು ಹೊಡೆತ ಎಂದು ಬರೆದುಕೊಳ್ಳುತ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ. 6, 8, 11 ಬಿದ್ದರೆ ಉಳಿದೆರಡರ ಮೊತ್ತ, ಅಂದರೆ ಎನ್ ಮೌಲ್ಯ, 19. ಸಾಮಾನ್ಯವಾಗಿ ಪ್ರತಿ ಒಂದೂವರೆ ಮೀಟರಿಗೆ, ಮಣ್ಣು ಬದಲಾದಲ್ಲೂ ಇದನ್ನು ಮಾಡಬೇಕು.

ತಪ್ಪು ನಡೆಯುವುದೂ ಇಲ್ಲಿಯೇ. ಹಗ್ಗ ಎಳೆಯುವವರಿಗೆ ಮಧ್ಯಾಹ್ನದ ಹೊತ್ತಿಗೆ ಕೈ ಸೋಲುತ್ತದೆ. ಸುತ್ತಿಗೆ 75ರ ಬದಲು 60 ಸೆಂ.ಮೀ.ಗೇ ಬೀಳತೊಡಗುತ್ತದೆ. ಪೆಟ್ಟಿನ ಬಲ ಐದರಲ್ಲಿ ಒಂದು ಪಾಲು ಇಳಿದು, 16 ಬರಬೇಕಾದ ಕಡೆ ಸುಮಾರು 20 ಬರುತ್ತದೆ. ಮೆತ್ತಗಿನ ಮಣ್ಣು ಕಾಗದದಲ್ಲಿ ಗಟ್ಟಿಯಾಗುತ್ತದೆ. ರಾಡಿನ ಮೇಲೆ 75 ಸೆಂ.ಮೀ.ಗೆ ಚಾಕ್‌ಪೀಸ್ ಗುರುತು ಹಾಕಿಸಿ, ಸುತ್ತಿಗೆ ಅಲ್ಲಿಯವರೆಗೆ ಏರುತ್ತಿದೆಯೇ ನೋಡುತ್ತಿರಿ. ತುದಿಗೆ ಜಲ್ಲಿ ಸಿಕ್ಕಿಕೊಂಡರೂ ಸಂಖ್ಯೆ ಹೀಗೆಯೇ ಏರುತ್ತದೆ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಅಂತರ್ಜಲದ ಕೆಳಗೆ ಮರಳಿದ್ದು, ಬೋರಿನೊಳಗಿನ ನೀರಿನ ಮಟ್ಟ ಹೊರಗಿನದಕ್ಕಿಂತ ತಗ್ಗಿದರೆ ಮರಳು ಉಕ್ಕಿ ಸಡಿಲವಾಗುತ್ತದೆ, ಎನ್ ಸುಳ್ಳುಸುಳ್ಳೇ ಇಳಿಯುತ್ತದೆ. ಹಾಗಾಗಿ ಬೋರಿನಲ್ಲಿ ನೀರು ತುಂಬಿಸಿಯೇ ಇಟ್ಟಿರಬೇಕು. ನೀರಿನ ಮಟ್ಟವನ್ನು ಬೋರ್ ಮುಗಿದ ಕೂಡಲೇ ಅಳೆಯದೆ 24 ಗಂಟೆ ಬಿಟ್ಟು ಅಳೆಯಲಿ.

ಎರೆ ಮಣ್ಣಾದರೆ

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯವರು ಫ್ರೀ ಸ್ವೆಲ್ (ಮಣ್ಣು ನೀರಿಗೆ ಎಷ್ಟು ಉಬ್ಬುತ್ತದೆ ಎಂಬ) ಪರೀಕ್ಷೆಯನ್ನೂ ಸೇರಿಸಿ. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಅಳತೆ ಜಾಡಿಗೆ ಹಾಕುತ್ತಾರೆ. ಒಂದಕ್ಕೆ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. 24 ಗಂಟೆ ಕಳೆದು ಸೀಮೆಎಣ್ಣೆಯಲ್ಲಿ 12, ನೀರಿನಲ್ಲಿ 21 ಮಿ.ಲೀ. ಕಂಡರೆ ಉಬ್ಬು 75 ಶೇಕಡಾ. 50 ದಾಟಿದರೆ ಮಾಮೂಲಿ ಪಾಯ ನೆಚ್ಚಬೇಡಿ. ಬೇಸಿಗೆಯ ಬಿರುಕು, ಮಳೆಯ ಉಬ್ಬು ಮುಟ್ಟದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು ಕೆಳಗೆ, ಅಂಡರ್‌ರೀಮ್ಡ್ ಪೈಲ್ (ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬ) ಇಳಿಸುವ ಮಾತು ಎಂಜಿನಿಯರ್ ಜೊತೆ ಆಡಿ.

ರಿಪೋರ್ಟ್ ಕೈಗೆ ಬಂದಾಗ

ಕೊನೆಯ ಪುಟದ ಎಸ್‌ಬಿಸಿ (ಮಣ್ಣು ಸುರಕ್ಷಿತವಾಗಿ ಹೊರಬಲ್ಲ ಭಾರ) ಸಂಖ್ಯೆಯೊಂದನ್ನೇ ಓದಬೇಡಿ. ಯಾವ ಆಳಕ್ಕೆ, ಯಾವ ಅಗಲದ ಫುಟಿಂಗಿಗೆ, ಎಷ್ಟು ಮಿ.ಮೀ. ಕುಸಿತ ಒಪ್ಪಿಕೊಂಡು ಎಂದು ಹೇಳದ ‘ಚದರ ಮೀಟರಿಗೆ 20 ಟನ್’ಗೆ ಅರ್ಥವಿಲ್ಲ. ಮಣ್ಣಿನ ಬಲದಿಂದ ಒಂದು, ಕುಸಿತದಿಂದ ಒಂದು ಎಂದು ಎರಡು ಲೆಕ್ಕಗಳಿರಬೇಕು. ಕಡಿಮೆ ಬಂದದ್ದೇ ಲೆಕ್ಕ. ಮೂರೂ 15 ಸೆಂ.ಮೀ.ಗಳ ಹೊಡೆತ ಬಿಡಿಬಿಡಿಯಾಗಿ ಬರೆದಿರದಿದ್ದರೆ ಸೈಟಿನ ಮೂಲ ಹಾಳೆ ಕೇಳಿ.

ಪಾಯ ತೋಡುವ ದಿನ ರಿಪೋರ್ಟಿನ ಪ್ರತಿ ಮೇಸ್ತ್ರಿಯ ಕೈಯಲ್ಲಿರಲಿ. ಕೆಂಪು ಮಣ್ಣು ಎಂದು ಬರೆದ ಆಳದಲ್ಲಿ ಕಪ್ಪು ಹೂಳು ಕಂಡರೆ ಬೆಡ್ ಕಾಂಕ್ರೀಟ್ ಹಾಕದೆ ಕೆಲಸ ನಿಲ್ಲಿಸಿ, ರಿಪೋರ್ಟಿಗೆ ಸಹಿ ಹಾಕಿದ ಎಂಜಿನಿಯರನ್ನು ಗುಂಡಿಯ ಬಳಿಗೇ ಕರೆಸಿ.