ಆನೆ ಬಿಟ್ಟು ಅಲಿಫ್ ಎಣಿಸಿದ್ದು

ಟಿಪ್ಪುವಿನ ತಾಮ್ರದ ಪೈಸೆ ಎಂದರೆ ನಮ್ಮ ಸಂಗ್ರಾಹಕರಲ್ಲಿ ಹೆಚ್ಚಿನವರಿಗೆ ಈಗಲೂ ಅದರ ಮೇಲಿನ ಆನೆಯೇ. ಸೊಂಡಿಲು ಪೂರ್ತಿ ಇದೆಯೇ, ಬಾಲ ಎದ್ದಿದೆಯೇ ಎಂದು ನೋಡಿ ಬೆಲೆ ಕಟ್ಟುತ್ತಾರೆ. ನಾನು ಆನೆಯನ್ನು ಪಕ್ಕಕ್ಕಿಟ್ಟು ಹಿಂಬದಿಯಲ್ಲಿ ಫಾರ್ಸಿಯಲ್ಲಿ ಬರೆದ ಟಂಕಸಾಲೆಯ (ನಾಣ್ಯ ಅಚ್ಚು ಹಾಕಿದ ಊರಿನ) ಹೆಸರಿನ ಬೆನ್ನು ಹತ್ತಿದಾಗ ಹಿರಿಯ ವ್ಯಾಪಾರಿಯೊಬ್ಬರು, "ಸವೆದ ತಾಮ್ರದಲ್ಲಿ ಫಾರ್ಸಿ ಓದುತ್ತೀರಾ? ಆ ದುಡ್ಡಿಗೆ ಒಂದು ಬೆಳ್ಳಿ ರೂಪಾಯಿ ತೆಗೆದುಕೊಳ್ಳಿ ಸಾರ್" ಎಂದಿದ್ದರು. ಅವರದೇ ಬಿಡಿ ನಾಣ್ಯಗಳ ತಟ್ಟೆಯಿಂದ ಇನ್ನೂರೈವತ್ತೋ ಮುನ್ನೂರೋ ಕೊಟ್ಟು ಎತ್ತಿಕೊಂಡದ್ದು ಖುರ್ಷಿದ್ ಸವಾದ್, ಅಂದರೆ ಟಿಪ್ಪು ಆ ಹೆಸರಿಟ್ಟ ಧಾರವಾಡದ ಪೈಸೆ. ಅವರಿಗೆ ಇನ್ನೂ ಹೇಳಿಲ್ಲ.

ಲೆಕ್ಕ ಸರಳ. 'ಪಟ್ಟಣ' (ಶ್ರೀರಂಗಪಟ್ಟಣ) ಮತ್ತು 'ನಗರ'ದ (ಬಿದನೂರು) ಪೈಸೆಗಳು ರಾಶಿ ರಾಶಿ ಸಿಗುತ್ತವೆ. ಗಡಿಯ ಟಂಕಸಾಲೆಗಳ ಆಯುಸ್ಸು ಮಾತ್ರ ಚಿಕ್ಕದು, ಹಾಗಾಗಿ ಅವುಗಳ ಪೈಸೆ ವಿರಳ. ಧಾರವಾಡ 1791ರಲ್ಲಿ ಮರಾಠರ ಕೈಸೇರಿತು. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ರಾಜ್ಯದ ಅರ್ಧವೇ ಹೋಯಿತು, ದಿಂಡಿಗಲ್ಲಿನ ಖಾಲಿಕಾಬಾದೂ ಅದರಲ್ಲೇ. ಆದರೆ ತಟ್ಟೆಯಲ್ಲಿ ಇವೆಲ್ಲಕ್ಕೂ ಒಂದೇ ಚೀಟಿ: "ಟಿಪ್ಪು ಆನೆ".

ಫಾರ್ಸಿಯನ್ನು ಸರಾಗವಾಗಿ ಓದುವ ಶಕ್ತಿ ನನಗಿಲ್ಲ, ಬೇಕಾಗಿಯೂ ಇಲ್ಲ. ನಾನು ಎಣಿಸುವುದು ಒಂದೇ ನೆಟ್ಟ ಗೆರೆಯ ಫಾರ್ಸಿ ಅಕ್ಷರಗಳಾದ ಅಲಿಫ್‌ಗಳನ್ನು. ನಾಣ್ಯ ಎಷ್ಟೇ ಸವೆದರೂ ನೆಟ್ಟಗೆ ನಿಂತ ಗೆರೆ ಬೇಗ ಅಳಿಯುವುದಿಲ್ಲ. 'ಅಚ್ಚು ಹಾಕಿದ್ದು' ಎಂಬ ಅರ್ಥದ 'ಜರ್ಬ್' ಪದದಲ್ಲಿ ಅಲಿಫ್ ಇಲ್ಲ, ನಗರದಲ್ಲಿ ಇಲ್ಲ, ಪಟ್ಟಣದಲ್ಲೂ ಇಲ್ಲ. ಹಾಗಾಗಿ ಒಂಟಿ ಗೆರೆ ಕಂಡರೆ ಕೈ ನಿಲ್ಲಿಸುತ್ತೇನೆ. ಗುತ್ತಿಯ ಫೈಜ್ ಹಿಸಾರ್‌ಗೆ ಒಂದು ಅಲಿಫ್, ಚಿತ್ರದುರ್ಗದ ಫರ್ರುಖ್‌ಯಾಬ್ ಹಿಸಾರ್‌ಗೆ ಎರಡು. ಖುರ್ಷಿದ್ ಸವಾದ್‌ಗೂ ಒಂದೇ, ಆದರೆ ಅದು ಮುಗಿಯುವುದು ದಾಲ್ ಅಕ್ಷರದಲ್ಲಿ. ಹಿಸಾರ್ ಮುಗಿಯುವುದು ರೇಯಲ್ಲಿ. ದಾಲ್ ಮತ್ತು ರೇಗಳನ್ನು ಸವೆದ ತಾಮ್ರದಲ್ಲಿ ಬೇರ್ಪಡಿಸಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಪೈಸೆಯಲ್ಲಿ ಎಚ್ಚರ ಬೇಕು: ಅದರ ಹೆಸರೇ ಬಹ್ರಾಮ್, ಆ ಪದ ಬಂದರೆ ತನ್ನದೊಂದು ಅಲಿಫ್ ಸೇರಿಸಿ ಎಣಿಕೆ ಕೆಡಿಸುತ್ತದೆ. ಪೂರ್ತಿ ಪೈಸೆಯ ಹೆಸರಾದ ಜೊಹ್ರಾದಲ್ಲಿ ಆ ತಾಪತ್ರಯವಿಲ್ಲ. ತಕ್ಕಡಿ ಜೇಬಿನಲ್ಲೇ ಇರುತ್ತದೆ. ಹನ್ನೊಂದು ಗ್ರಾಂ ಆಸುಪಾಸು ಪೈಸೆ, ಐದೂವರೆ ಎಂದರೆ ಅರ್ಧ. ಇಷ್ಟಾದ ಮೇಲೆಯೇ ತಿರುಗಿಸಿ ಆನೆ ನೋಡುತ್ತೇನೆ.

ಇಸವಿಯೂ ಒಂದು ಜರಡಿ. 1787ರ ಸುಮಾರಿಗೆ ಟಿಪ್ಪು ಶುರುಮಾಡಿದ ಮೌಲೂದಿ ಎಂಬ ವರ್ಷದ ಲೆಕ್ಕದಲ್ಲಿ ಅಂಕಿಗಳು ಬಲದಿಂದ ಎಡಕ್ಕೆ. 1215 ಎಂಬುದು ಕಣ್ಣಿಗೆ 5121 ಎಂದು ಕಾಣುತ್ತದೆ. ಧಾರವಾಡ ಎಂದು ಯಾರಾದರೂ ತೋರಿಸಿದ ಪೈಸೆಯಲ್ಲಿ 1222, ಅಂದರೆ ಮರಾಠರು ಅದನ್ನು ಗೆದ್ದ ನಂತರದ ವರ್ಷ, ಇದ್ದರೆ ನಾನು ಚಹಾ ಕುಡಿದು ಎದ್ದು ಬರುತ್ತೇನೆ.

ಇನ್ನು ದುಡ್ಡಿನ ಮಾತು. ಮೊದಲ ಎರಡು ವರ್ಷ ಸುಮಾರು ನಲವತ್ತು ಸಾವಿರ ಸುರಿದೆ, ಬಂದದ್ದು ಬಹುತೇಕ ಪಟ್ಟಣ. ಕಿಲೋ ಲೆಕ್ಕದಲ್ಲಿ ಕೊಂಡ ಗಂಟುಗಳಂತೂ ತಲೆನೋವು. ಗುಜರಿ ತಾಮ್ರದ ಮೂರ್ನಾಲ್ಕು ಪಟ್ಟು ಬೆಲೆ ಕೊಟ್ಟು ತಂದ ಒಂದು ಚೀಲದಲ್ಲಿ ಮುಕ್ಕಾಲು ಪಾಲು ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ, ಉಳಿದದ್ದು ಹೈದರಾಬಾದಿನ ದಪ್ಪ ತಾಮ್ರದ ಡಬ್ಬು ನಾಣ್ಯ. ಆನೆ ಎರಡೇ ಎರಡು, ಎರಡಕ್ಕೂ ತೂತು. ಕಾಲಾಣೆಗಳನ್ನು ಶಾಲಾ ಮಕ್ಕಳಿಗೆ ಹತ್ತು ಹದಿನೈದು ರೂಪಾಯಿಯಂತೆ ಮಾರಿ ಅಸಲಿನ ಅರ್ಧ ಎತ್ತಿದೆ. ಆಮೇಲೆ ಕಿಲೋ ವ್ಯವಹಾರ ಬಿಟ್ಟು ತಟ್ಟೆಗೆ ಇಳಿದೆ: ನಾಣ್ಯ ಪ್ರದರ್ಶನದ ಕೊನೆಯ ದಿನ, ಮಧ್ಯಾಹ್ನದ ನಂತರ, ವ್ಯಾಪಾರಿ ಗಂಟು ಕಟ್ಟುವ ಹೊತ್ತಿಗೆ. ಒಂದನ್ನೇ ಆರಿಸಿ ಎತ್ತಿದರೆ ಅವನಿಗೂ ಅನುಮಾನ ಹುಟ್ಟುತ್ತದೆ. ಹಾಗಾಗಿ ಐದಾರು ಸೇರಿಸಿ ಕೊಳ್ಳುತ್ತೇನೆ, ನಾಲ್ಕು ಸಾಮಾನ್ಯ ಪೈಸೆಗಳನ್ನು ಮುಂದಿನ ತಿಂಗಳು ಅದೇ ಬೆಲೆಗೆ ದಾಟಿಸುತ್ತೇನೆ. ಎರಡು ಫರ್ರುಖ್‌ಯಾಬ್ ಹಿಸಾರ್ ಮತ್ತು ಒಂದು ಫೈಜ್ ಹಿಸಾರ್ ಮಾರಿದ ಹಣದಲ್ಲಿ ಕಳೆದದ್ದೆಲ್ಲ ಕೈಗೆ ಬಂತು. ಧಾರವಾಡಕ್ಕೆ ಒಬ್ಬರು ಐದಂಕಿಯ ಮಾತಾಡಿದರು, ಕೊಡಲಿಲ್ಲ.

ಭೂಮಿಯಿಂದ ಈಗಷ್ಟೇ ಎದ್ದದ್ದು ಎಂದು ಪಿಸುಗುಟ್ಟುವವರ ಸರಕು ಮುಟ್ಟುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯ ಕಾಯ್ದೆ ಇನ್ನೂ ಜೀವಂತವಾಗಿದೆ; ಅದಲ್ಲದೆ, ಹಾಗೆ ಪಿಸುಗುಟ್ಟುವವರ ಸರಕಿನಲ್ಲಿ ಅಚ್ಚು ಹೊಯ್ದ ನಕಲಿಯೇ ಜಾಸ್ತಿ. ಅಂಚಿನ ಸುತ್ತ ಉಗುರು ಎಳೆದರೆ ಬೆಸುಗೆಯ ಏಣು ತಾಗುತ್ತದೆ.

ನಡುವೆ ಎಣ್ಣೆಯ ಪ್ರಯೋಗವೂ ಆಯಿತು. ಅಕ್ಷರ ಮುಚ್ಚಿದ ಮಣ್ಣು ಬಿಡಲಿ ಎಂದು ಕೆಲವನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದೆ. ಮಣ್ಣು ಬಿಟ್ಟಿತು, ಹಸಿರು ಕಿಲುಬು ಜಪ್ಪಯ್ಯ ಎಂದರೂ ಬಿಡಲಿಲ್ಲ. ಡಿಸೆಂಬರ್ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಪೈಸೆಗಳು ಬರ್ಫಿಯೊಳಗಿನ ಗೋಡಂಬಿಯಂತೆ ಕೂತವು. ಮನೆಯಾಕೆ ಆ ಡಬ್ಬಿಯನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು. ಈಗ ಬಟ್ಟಿ ಇಳಿಸಿದ ನೀರು, ತಾಳ್ಮೆ, ಬಿದಿರಿನ ಕಡ್ಡಿ, ಇಷ್ಟೇ. ಹುಣಸೆಹಣ್ಣಿನಲ್ಲಿ ಉಜ್ಜಿ ಕೆಂಪಗೆ ಮಾಡಿದವುಗಳ ಅಲಿಫ್ ಕೂಡ ತೆಳುವಾಗಿರುತ್ತದೆ, ಬೆಲೆಯೂ ಅಷ್ಟೇ. ಓದಲು ಮಾತ್ರ ಒಂದು ಹನಿ ನೀರು ಸವರಿ, ಟಾರ್ಚನ್ನು ನಾಣ್ಯದ ಮಟ್ಟಕ್ಕೆ ಮಲಗಿಸಿ ಹಿಡಿಯಿರಿ. ಇಲ್ಲವೆಂದುಕೊಂಡ ಗೆರೆ ಎದ್ದು ಬರುತ್ತದೆ.

ಆನೆಯ ಮೇಲೆ ಸೂರ್ಯ ಚಂದ್ರ ಇದ್ದರೆ ಅದು ಟಿಪ್ಪುವಿನದಲ್ಲ, 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಹೊಸಬರು ಎರಡನ್ನೂ ಬೆರೆಸಿ ಮಾರುತ್ತಾರೆ. ಒಡೆಯರ 'ಮಯಿಲಿ ಕಾಸು' ಎಂದು ಕನ್ನಡದಲ್ಲೇ ಬರೆದ ಸಿಂಹದ ನಾಣ್ಯಗಳಲ್ಲಿ ಇಂಗ್ಲಿಷ್ ಅಕ್ಷರಗಳ ಎಡವಟ್ಟು ಬೇಕಾದಷ್ಟಿದೆ. ಅಲ್ಲಿಯೂ ಒಂದು ಕೈ ನೋಡುತ್ತಿದ್ದೇನೆ, ಫಲ ಬಂದಾಗ ಬರೆಯುತ್ತೇನೆ.

ಮೊಬೈಲ್‌ನಲ್ಲಿ ಮಾರುವವರು ಆನೆಯ ಬದಿಯ ಚಿತ್ರ ಮಾತ್ರ ಹಾಕುತ್ತಾರೆ. "ಹಿಂಬದಿ ಕಳಿಸಿ" ಎಂದು ಕೇಳಿದೊಡನೆ ಬೆಲೆ ನೂರು ರೂಪಾಯಿ ಏರುತ್ತದೆ. ಅದಕ್ಕೆ ನಾನು ಮೊದಲು ಅಂಚಿನ ಚಿತ್ರ ಕೇಳುತ್ತೇನೆ, ನಕಲಿಯ ಭಯವಿದೆ ಎನ್ನುತ್ತೇನೆ; ಮುನಿಸಿನಲ್ಲಿ ಅವರೇ ಮೂರೂ ಕಡೆಯ ಚಿತ್ರ ಕಳಿಸುತ್ತಾರೆ. ಮೈಸೂರಿನ ನಜರ್‌ಬಾರ್ ಇನ್ನೂ ಸಿಕ್ಕಿಲ್ಲ. ಯಾರ ಬಳಿಯಾದರೂ ಹೆಚ್ಚಿಗೆ ಇದ್ದರೆ ಎರಡು ಫೈಜ್ ಹಿಸಾರ್ ಕೊಟ್ಟು ಬದಲಾಯಿಸಿಕೊಳ್ಳಲು ಸಿದ್ಧ, ಆನೆ ಹೇಗಿದ್ದರೂ ಸರಿ.