ಪಾಸ್ತಾದ ಗಂಜಿ ಚೆಲ್ಲಬೇಡಿ ಮಾರಾಯ್ರೆ

ಮಣಿಪಾಲದಲ್ಲಿ ರೂಮು ಮಾಡಿಕೊಂಡಿರುವ ನಮ್ಮ ಮನೆ ಹುಡುಗರು ಪಾಸ್ತಾ ಮಾಡುವುದನ್ನು ನೋಡಿದರೆ ಮೈ ಉರಿಯುತ್ತದೆ. ಬೇಯಿಸಿದ ನೀರನ್ನು ಸಿಂಕಿಗೆ ಬಗ್ಗಿಸುವುದು, ಸಾಲದ್ದಕ್ಕೆ ನಳ್ಳಿಯ ಕೆಳಗೆ ಹಿಡಿದು ತೊಳೆಯುವುದು! ಆಮೇಲೆ ಸಾಸು ಹಿಡಿಯುವುದಿಲ್ಲ ಅಂತ ಕ್ರೀಮ್ ಸುರಿಯುವುದು. ಕುಚ್ಚಲಕ್ಕಿ ಗಂಜಿಯ ತಿಳಿ ಕುಡಿದು ಬೆಳೆದವರಿಗೆ ಇದನ್ನೂ ಹೇಳಿಕೊಡಬೇಕಾ? ಪಾಸ್ತಾ ಬಿಡುವ ಗಂಜಿಯೇ ಸಾಸನ್ನು ಮಂದ ಮಾಡುವುದು.

ಒಂದು ಬಾಣಲೆ ಸಾಕು. ಅಗಲ ಇರಲಿ, ತಳ ದಪ್ಪ ಇರಲಿ. ಕಬ್ಬಿಣದ್ದು ಬೇಡ, ಟೊಮೆಟೊ ಹುಳಿಗೆ ರುಚಿ ಕೆಡುತ್ತದೆ. ಪಾಸ್ತಾ ಡ್ಯೂರಮ್ ಅನ್ನುವ ಗಟ್ಟಿ ಗೋಧಿಯ ರವೆಯದ್ದೇ ತನ್ನಿ, ಮೈದಾದ್ದು ಬೇಗ ಮುದ್ದೆಯಾಗುತ್ತದೆ. ಬೆಳ್ಳುಳ್ಳಿ, ನೀರುಳ್ಳಿ, ಟೊಮೆಟೊ ಬಾಡಿಸುವುದು ನಿಮಗೆ ಗೊತ್ತೇ ಇದೆ. ಅಲಸಂಡೆ ಇದ್ದರೆ ಸಣ್ಣಗೆ ಹೆಚ್ಚಿ ಹಾಕಿ. ಉಪ್ಪು ಮಾತ್ರ ಕೈ ಹಿಡಿದು ಹಾಕಿ. ಇಲ್ಲಿ ನೀರು ಬಸಿಯುವುದಿಲ್ಲ, ಹಾಕಿದ ಉಪ್ಪೆಲ್ಲ ಬಾಣಲೆಯಲ್ಲೇ ಉಳಿಯುತ್ತದೆ. ಚೀಸಿನಲ್ಲೂ ಉಪ್ಪಿದೆ.

ಇನ್ನು ನೀರಿನ ವಿಷಯ. ಇದನ್ನು ಮಾತ್ರ ನಾನು ಹೇಳಿದ ಹಾಗೇ ಮಾಡಿ. ಪಕ್ಕದ ಒಲೆಯಲ್ಲಿ ನೀರು ಕುದಿಯುತ್ತಲೇ ಇರಬೇಕು. ಗಂಜಿಗೆ ನೀರು ಕಡಿಮೆಯಾದರೆ ನಮ್ಮ ಅತ್ತೆ ತಣ್ಣೀರಿನ ಚೆಂಬು ಮುಟ್ಟಲೂ ಬಿಡುತ್ತಿರಲಿಲ್ಲ. ಕುದಿ ನಿಂತರೆ ಅಕ್ಕಿ ಮುನಿಸಿಕೊಳ್ಳುತ್ತದೆ ಅನ್ನುತ್ತಿದ್ದರು. ಪಾಸ್ತಾ ಹಾಕಿ, ಅದು ಮುಳುಗುವಷ್ಟು ಮಾತ್ರ ಕುದಿನೀರು ಹೊಯ್ಯಿರಿ. ಮೊದಲ ಎರಡು ನಿಮಿಷ ಮೊಬೈಲ್ ಆಚೆ ಇಡಿ. ಅಂಟಿಕೊಳ್ಳುವುದು ಆಗಲೇ. ಚಪ್ಪಟೆ ತುದಿಯ ಮರದ ಸೌಟಿನಲ್ಲಿ ತಳ ಸವರುತ್ತಾ ತಿರುವಿ. ಆಮೇಲೆ ನೀರು ಇಳಿದಂತೆಲ್ಲ ಒಂದೊಂದೇ ಸೌಟು, ಬಾಣಲೆಯ ಅಂಚಿನ ಸುತ್ತ ಹೊಯ್ಯಿರಿ, ನಡುವಿಗಲ್ಲ. ಅಂಚಿನಲ್ಲಿ ಒಣಗಿ ಹಿಡಿದ ಗಂಜಿ ಕರಗಿ ಒಳಗೆ ಬರಲಿ. ಬುಳುಬುಳು ಸದ್ದು ಹೋಗಿ ಚಟಚಟ ಅನ್ನಲು ಶುರುವಾದರೆ ಇನ್ನೊಂದು ಸೌಟು. ತಳದಲ್ಲಿ ಗೆರೆ ಎಳೆದಾಗ ಅದು ಮೆಲ್ಲಗೆ ಕೂಡಿಕೊಂಡರೆ ಹದ ಬಂತು. ಒಂದು ತುಂಡು ಕಚ್ಚಿ ನೋಡಿ. ನಡುವೆ ಸಾಸಿವೆ ಚೂರಿನಷ್ಟು ಬಿಳಿ ಉಳಿದಿರುವಾಗಲೇ ಗ್ಯಾಸ್ ಆರಿಸಿ ಮುಚ್ಚಿಡಿ. ಉಳಿದದ್ದು ಬಿಸಿಗೇ ಬೇಯುತ್ತದೆ. ಪ್ಯಾಕೆಟಿನಲ್ಲಿ ಬರೆದ ನಿಮಿಷ ಎಣಿಸಬೇಡಿ. ಅದು ಧಾರಾಳ ನೀರಲ್ಲಿ ಬೇಯಿಸುವವರಿಗೆ.

   

ಚೀಸು ಒಲೆ ಆರಿಸಿದ ಮೇಲೆ. ಕುದಿಯುವಾಗ ಹಾಕಿದರೆ ಗಂಟು ಗಂಟಾಗಿ ಸೌಟಿಗೆ ಸುತ್ತಿಕೊಳ್ಳುತ್ತದೆ. ಸ್ವಲ್ಪ ಬೆಣ್ಣೆ, ಜಜ್ಜಿದ ಒಳ್ಳೆಮೆಣಸು ಹಾಕಿ ಬಾಣಲೆ ಕುಲುಕಿ. ಗಟ್ಟಿ ಅನಿಸಿದರೆ ಒಂದು ಚಮಚ ಬಿಸಿನೀರು. ಇಷ್ಟಾದ ಮೇಲೆ ಫೋಟೋ ತೆಗೆಯುತ್ತಾ ಕೂರಬೇಡಿ. ತಣಿದರೆ ಗಂಜಿ ಬಿಗಿದು ಎಲ್ಲ ಒಂದೇ ಹೆಂಟೆ. ಬಾಣಲೆಗೆ ಮಾತ್ರ ಕೂಡಲೇ ನೀರು ತುಂಬಿಸಿಡಿ, ನಾಳೆ ಉಜ್ಜುವವರು ನೀವೇ ಅಲ್ವಾ?